ಬಾಗಿಲ ದಿನ

ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು. ಚಳಿ ಬೆಳಗಿನ ಜಾವಕ್ಕೆ ಮಾತ್ರ ಉಳಿದಿತ್ತು. ಹೊತ್ತು ಮಾರುದ್ದ ಏರುವಷ್ಟರಲ್ಲಿ ನೆಲ ಕಾದು ಬರಿಗಾಲಿಗೆ ಚುರುಗುಡುತ್ತಿತ್ತು. ಊರ ಮುಂದಿನ ತೋಪಿನಲ್ಲಿ ಗಂಡಸರು ಮರ ಹತ್ತಿ ಕೊಂಬೆ ಅಲುಗಿಸುತ್ತಿದ್ದರು. ಹುಣಸೆಹಣ್ಣು ಆಲಿಕಲ್ಲಿನ ಹಾಗೆ ಸುರಿಯುತ್ತಿತ್ತು. ಹೆಂಗಸರು ನಾವು ಆಯ್ದು, ಗೋಣಿಗೆ ತುಂಬಿ, ತಲೆಯ ಮೇಲೆ ಹೊತ್ತು ಮನೆಗೆ ತರುತ್ತಿದ್ದೆವು. ಮರದ ಕೊಡತಿಯಿಂದ ಓಡು ಒಡೆದು, ನಾರು ಎಳೆದು, ಬೀಜ ಬಿಡಿಸಿ, ಉಪ್ಪು ಬೆರೆಸಿ ಮಡಕೆಗೆ ತುಂಬುವ ಕೆಲಸ ಯುಗಾದಿಯವರೆಗೂ ಮುಗಿಯುವಂಥದಲ್ಲ. ಆ ಎರಡು ತಿಂಗಳು ನಮ್ಮೂರಲ್ಲಿ ಕೊಡತಿಯ ಸದ್ದಿಲ್ಲದ ಅಂಗಳವಿಲ್ಲ, ಬೆರಳ ಸಂದಿ ಬಿರಿಯದ ಹೆಂಗಸಿಲ್ಲ.

ನಾನೂ ನಮ್ಮ ಅಂಗಳದಲ್ಲಿ ಕೊಡತಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಮಗಳು ಹೊನ್ನೂರಿ. ದಿನ ತುಂಬಿದ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಕಾಲು ಚಾಚಿಕೊಂಡು ಬೀಜ ಬಿಡಿಸುತ್ತಿದ್ದಳು. ಆ ಬೆಳಿಗ್ಗೆ ನನ್ನ ಕೈಯಿಂದ ಕೊಡತಿ ಮೂರು ಸಲ ಜಾರಿತು. ಮೂರನೆಯ ಸಲ ಹೆಬ್ಬೆರಳ ಮೇಲೇ ಬಿತ್ತು. ಕೈಯಲ್ಲಿ ಬಲ ಇಲ್ಲವೇನವ್ವಾ ಎಂದು ಹೊನ್ನೂರಿ ಕೇಳಿದಳು. ವಯಸ್ಸಾಯಿತಲ್ಲ ಎಂದೆ. ನನಗೆ ಆಗ ನಲವತ್ತೆರಡು.

ಸಂಜೆ ನನ್ನ ಗಂಡ ಪಾಲಯ್ಯ ತೋಪಿನಿಂದ ಬಂದ. ದಿನಾ ಮಾಡುವಂತೆ ಕಾಲು ತೊಳೆದು, ಜಗಲಿಯ ಮೇಲೆ ಕೂತು, ಎರಡೂ ಅಂಗೈ ನನ್ನ ಮುಂದೆ ಚಾಚಿದ. ನಾನು ದಿನಾ ಮಾಡುವಂತೆ ಅದರ ಮೇಲೆ ನನ್ನ ಅಂಗೈ ಇಟ್ಟೆ. ಒಂದು ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು. ಆಮೇಲೆ ಅವನು ಹಗುರಾಗಿ ಎದ್ದು ಚಾವಡಿಯ ಕಡೆ ಹೋದ. ನಾನು ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಮತ್ತೆ ಎದ್ದು ಒಲೆ ಹಚ್ಚಿದೆ.

ನಮ್ಮೂರಲ್ಲಿ ದಣಿವು ಹೀಗೆ ಕೈಯಿಂದ ಕೈಗೆ ಹೋಗುತ್ತದೆ. ನಮ್ಮ ಸ್ವಂತದ್ದಾದರೆ ಒಂದು ರಾತ್ರಿ ಮಲಗಿ ಎದ್ದರೆ ಇಳಿಯುತ್ತದೆ. ಬೇರೆಯವರಿಂದ ತೆಗೆದುಕೊಂಡದ್ದು ನಿದ್ದೆಗೆ ಬಗ್ಗುವುದಿಲ್ಲ. ಅದು ಇಳಿಯಬೇಕಾದರೆ ಒಬ್ಬರೇ ಕೂರಬೇಕು. ಮನುಷ್ಯರ ಕಣ್ಣು ಬೀಳಬಾರದು, ಬಾಯಿಂದ ಮಾತು ಹೊರಡಬಾರದು. ನಡುವೆ ಒಂದು ಮಾತಾಡಿದರೂ ಅದುವರೆಗೆ ಇಳಿದದ್ದೆಲ್ಲ ವಾಪಸು ಬರುತ್ತದೆ. ಹಸು, ನಾಯಿ, ಕೋಳಿ ನೋಡಿದರೆ ಅಡ್ಡಿಯಿಲ್ಲ. ಬೆಕ್ಕಿನ ವಿಷಯದಲ್ಲಿ ಮಾತ್ರ ಊರು ಎರಡು ಪಾಲಾಗಿದೆ. ಹೀಗೆ ಕೂರುವವರು ಮನೆಯ ಬಾಗಿಲಿಗೆ ಮೊರವನ್ನು ಬೆನ್ನು ಹೊರಗಾಗುವಂತೆ ತೂಗುಹಾಕುತ್ತಾರೆ. ಬೋರಲು ಮೊರ ಕಂಡರೆ ಯಾರೂ ಕದ ತಟ್ಟುವುದಿಲ್ಲ, ಹೆಸರು ಹಿಡಿದು ಕೂಗುವುದಿಲ್ಲ. ಸಾಲ ಕೊಟ್ಟವನೂ ಹಿಂದಕ್ಕೆ ಹೋಗುತ್ತಾನೆ.

ಕಟ್ಟಳೆ ಎಲ್ಲರಿಗೂ ಒಂದೇ ಆದರೂ ಗಂಡಸು ಮೊರ ಬೋರಲು ಹಾಕಿದರೆ ಪಾಪ ದುಡಿದವನು ಎನ್ನುತ್ತಿದ್ದರು. ಹೆಂಗಸು ಹಾಕಿದರೆ ಬೀದಿಗೆ ಬೀದಿಯೇ ಕತ್ತು ಉದ್ದ ಮಾಡುತ್ತಿತ್ತು. ಸೊಸೆಯಂದಿರ ಜಗಳದಲ್ಲಿ 'ಮೊರ ಬೋರಲು ಹಾಕ್ದೋಳು' ಎಂಬುದೇ ದೊಡ್ಡ ಬೈಗುಳ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಒಂದು ದಿನವೂ ಹಾಕಿರಲಿಲ್ಲ. ಗಂಡನದ್ದು ದಿನಾ ತೆಗೆದುಕೊಂಡೆ. ಅತ್ತೆ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಅವಳದ್ದು ತೆಗೆದುಕೊಂಡೆ. ಸುಗ್ಗಿಯಲ್ಲಿ ತಮ್ಮ ಬಂದು ಕೈ ಚಾಚಿದರೆ ಅವನದ್ದೂ. ದುರುಗಕ್ಕನ ಕೈ ಅಂದರೆ ಕೆರೆ ಇದ್ದಹಾಗೆ, ಎಷ್ಟು ಬಂದರೂ ಇಂಗಿಸಿಕೊಳ್ಳುತ್ತದೆ ಎಂದು ಊರು ಹೊಗಳುತ್ತಿತ್ತು. ಹೊಗಳಿಕೆ ಕಿವಿಗೆ ಬಿದ್ದ ದಿನ ನಾನು ಇನ್ನೆರಡು ಕೊಡ ನೀರು ಹೆಚ್ಚಾಗಿ ತರುತ್ತಿದ್ದೆ. ಕೆರೆಗೂ ಕೋಡಿ ಇರುತ್ತದೆ ಎಂಬುದು ನನಗಾಗಲಿ ಊರಿಗಾಗಲಿ ಹೊಳೆದಿರಲಿಲ್ಲ.

ಸಣ್ಣೋಬಕ್ಕನ ವಿಷಯ ಹೇಳಬೇಕು. ಈ ಕಥೆ ನನ್ನದಾದರೂ ದೊಡ್ಡತನ ಅವಳದು. ತೋಪಿನ ಆಚೆ ತುದಿಯಲ್ಲಿ ಒಂದೇ ಕೋಣೆಯ ಮಣ್ಣಿನ ಮನೆ, ಮನೆ ಹಿಂದೆ ಮೂರು ಹುಣಸೆ ಮರ, ಒಂದು ಹೇಟೆ ಕೋಳಿ. ಇಷ್ಟೇ ಅವಳ ಬದುಕು. ಆಗ ಅವಳಿಗೆ ಅರವತ್ತು ದಾಟಿತ್ತು. ಹೆತ್ತ ಬಾಣಂತಿ, ಸಾಯುವವರ ಪಕ್ಕ ತಿಂಗಳುಗಟ್ಟಲೆ ಕೂತವರು, ಕೈ ಹಿಡಿಯುವವರಿಲ್ಲದ ಮುದುಕರು, ಇಂಥವರ ದಣಿವನ್ನು ತೆಗೆದುಕೊಳ್ಳುವುದು ಅವಳ ಕೆಲಸ. ಯಾರೂ ಅವಳಿಗೆ ವಹಿಸಿದ್ದಲ್ಲ, ಅವಳೇ ಹೊತ್ತುಕೊಂಡದ್ದು. ಜಾತಿ ಕೇಳುತ್ತಿರಲಿಲ್ಲ, ಬೀದಿ ಕೇಳುತ್ತಿರಲಿಲ್ಲ. ಕೊಟ್ಟರೆ ಒಂದು ಸೇರು ರಾಗಿ ತೆಗೆದುಕೊಳ್ಳುತ್ತಿದ್ದಳು, ಕೊಡದಿದ್ದರೆ ಹಾಗೇ ಹೋಗುತ್ತಿದ್ದಳು. ಆದರೆ ಅವಳದೊಂದು ಲೆಕ್ಕವಿತ್ತು. ಎರಡು ದಿನ ಊರಿಗೆ, ಮೂರನೆಯ ದಿನ ಅವಳಿಗೆ. ಆ ಮೂರನೆಯ ದಿನ ಹೊತ್ತು ಹುಟ್ಟುವ ಮುಂಚೆ ಮೊರ ಬೋರಲಾದರೆ ಹೊತ್ತು ಮುಳುಗುವವರೆಗೂ ಕದ ತೆರೆಯುತ್ತಿರಲಿಲ್ಲ. ಹಬ್ಬವಿರಲಿ, ಹೆರಿಗೆಯಿರಲಿ. ಊರವರು ಬೆರಳು ಮಡಿಚಿ ಎಣಿಸಿಕೊಳ್ಳುತ್ತಿದ್ದರು, ಇವತ್ತು ಅವಳ ಊರ ದಿನವೋ ಬಾಗಿಲ ದಿನವೋ ಎಂದು. ಒಳಗೆ ಕೂತು ಏನು ಮಾಡುತ್ತಾಳೆ ಎಂಬ ಬಗ್ಗೆ ನೂರು ಮಾತಿತ್ತು. ಬೆಲ್ಲ ತಿನ್ನುತ್ತಾಳೆ ಎಂದು ಕೆಲವರು, ಸತ್ತವರ ಜೊತೆ ಪಗಡೆ ಆಡುತ್ತಾಳೆ ಎಂದು ಕೆಲವರು. ನಾನಂತೂ, ಗಂಡ ಮಕ್ಕಳು ಇಲ್ಲದವಳಿಗೆ ಬಾಗಿಲು ಹಾಕಿಕೊಳ್ಳುವುದೇನು ಕಷ್ಟ ಎನ್ನುತ್ತಿದ್ದೆ.

ಹೊನ್ನೂರಿಗೆ ಹೆರಿಗೆಯಾದದ್ದು ಸಣ್ಣೋಬಕ್ಕನ ಊರ ದಿನದಲ್ಲಿ. ಒಂದು ಹಗಲು ಒಂದು ರಾತ್ರಿ ನೋವು ತಿಂದು ಹೆಣ್ಣುಮಗು ಹೆತ್ತಿದ್ದಳು. ಸಣ್ಣೋಬಕ್ಕ ಬಂದು ಅವಳ ಎರಡೂ ಕೈ ಹಿಡಿದು ಕೂತಳು. ಮಗಳ ಮುಖಕ್ಕೆ ಬಣ್ಣ ವಾಪಸು ಬರುವುದನ್ನು ನಾನು ಕಣ್ಣಾರೆ ಕಂಡೆ. ಎದ್ದು ಹೊರಡುವಾಗ ಸಣ್ಣೋಬಕ್ಕ ಹೊಸ್ತಿಲ ಹತ್ತಿರ ನಿಂತು ನನ್ನ ಕೈಯನ್ನೇ ನೋಡಿದಳು. "ದುರುಗಿ, ನಿನ್ನ ಮೊರ ಎಲ್ಲೈತೆ?" ಎಂದು ಕೇಳಿದಳು. ರಾಗಿ ಕೇರುತ್ತಾ ಇದೆ ಅಕ್ಕ, ಅದಕ್ಕೆ ನೇತಾಡೋಕೆ ಪುರುಸೊತ್ತಿಲ್ಲ ಎಂದೆ. ನೀರು ಹೊತ್ತು ಬರುತ್ತಿದ್ದ ಪಕ್ಕದ ಮನೆಯ ಸಾಕವ್ವ ಅದನ್ನು ಕೇಳಿ ನಕ್ಕಳು. ಸಣ್ಣೋಬಕ್ಕ ನಗಲಿಲ್ಲ. ನಾಳೆ ಮತ್ತೆ ಬರಲೇ ಎಂದಳು. ಬೇಡ, ನನ್ನ ಮಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ.

ನೋಡಿಕೊಂಡೆ. ದಿನಾ ಬೆಳಿಗ್ಗೆ ಹರಳೆಣ್ಣೆ ಹಚ್ಚಿ ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕುತ್ತಿದ್ದೆ. ಹಂಡೆ ನೀರು ಹುಯ್ಯುತ್ತಿದ್ದೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದೆ. ಸಂಜೆ ಗಂಡನದ್ದು ಆದಮೇಲೆ ಮಗಳ ಕೈ ಹಿಡಿದು ಅವಳ ದಣಿವು ತೆಗೆದುಕೊಳ್ಳುತ್ತಿದ್ದೆ. ಐದನೆಯ ದಿನಕ್ಕೆ ಹೊನ್ನೂರಿ ಎದ್ದು ಓಡಾಡಬೇಕಿತ್ತು. ಅವಳು ಇನ್ನಷ್ಟು ಮಲಗಿದಳು. ಎಂಟನೆಯ ದಿನಕ್ಕೆ ಎದೆಹಾಲು ತಗ್ಗಿತು. ಹತ್ತನೆಯ ದಿನ ತುತ್ತು ಬಾಯಿಗಿಟ್ಟರೆ ಅಗಿಯಲೂ ಆಗದೆ ಕಣ್ಣು ಮುಚ್ಚಿಕೊಂಡಳು. ಮಗು ಹಸಿದರೂ ಅಳುವುದನ್ನು ಬಿಟ್ಟಿತು. ಒದ್ದೆ ಬಟ್ಟೆಯ ಹಾಗೆ ತೋಳಿನ ಮೇಲೆ ಜೋತು ಬೀಳುತ್ತಿತ್ತು. ಜ್ವರವಿಲ್ಲ, ನಂಜಿಲ್ಲ. ಊರಿನ ವೈದ್ಯ ನಾಡಿ ಹಿಡಿದು ನೋಡಿ, ಇದು ನನ್ನ ಮದ್ದಿನ ರೋಗವಲ್ಲ, ಬರೀ ದಣಿವು ಎಂದ. ದಣಿವಾದರೆ ನನ್ನ ಕೈಯಿಲ್ಲವೇ ಎಂದು ನಾನು ಇನ್ನೂ ಹೆಚ್ಚು ತಿಕ್ಕಿದೆ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕೈ ಹಿಡಿದೆ, ರಾತ್ರಿ ಅವಳನ್ನು ತಬ್ಬಿಕೊಂಡೇ ಮಲಗಿದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಕರೆದರೆ ಹೊನ್ನೂರಿ ಓಗೊಡಲಿಲ್ಲ. ಉಸಿರಿತ್ತು, ರೆಪ್ಪೆ ಎತ್ತುವಷ್ಟು ಶಕ್ತಿ ಇರಲಿಲ್ಲ. ಸಾಕವ್ವನನ್ನು ಕರೆದು ಬಾಗಿಲಲ್ಲಿ ಕೂರಿಸಿ ಓಡಿದೆ. ಓಡಿದೆ ಎಂದು ಹೇಳುವುದು ಸುಳ್ಳು, ಕಾಲು ಎತ್ತಿ ಇಡಲಾಗುತ್ತಿರಲಿಲ್ಲ. ತೋಪು ದಾಟುವಷ್ಟರಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡೆ. ಸಣ್ಣೋಬಕ್ಕನ ಮನೆ ಮುಂದೆ ಹೋಗಿ ನಿಂತರೆ ಬಾಗಿಲ ಮೇಲೆ ಮೊರದ ಬೆನ್ನು ಕಾಣುತ್ತಿತ್ತು.

ನಮ್ಮೂರಲ್ಲಿ ಹುಟ್ಟಿ ಬೆಳೆದವರು ಯಾರೂ ಮಾಡದ ಕೆಲಸ ಮಾಡಿದೆ. ಕದ ತಟ್ಟಿದೆ. ಅಕ್ಕಾ ಎಂದು ಕೂಗಿದೆ. ಮಗಳು ಕೈ ಬಿಟ್ಟು ಹೋಗುತ್ತಿದ್ದಾಳೆ ಎಂದೆ. ಒಳಗೆ ಸದ್ದಿಲ್ಲ. ಅಳುತ್ತಾ ಬೇಡಿಕೊಂಡೆ, ಆಮೇಲೆ ಬೈದೆ. ಹೆತ್ತಿದ್ದರೆ ತಿಳಿಯುತ್ತಿತ್ತು ಎಂದೆ, ನಿನ್ನ ಒಂಟಿತನಕ್ಕೆ ಬೆಂಕಿ ಬೀಳಲಿ ಎಂದೆ. ಹೇಳಬಾರದ್ದನ್ನು ಇನ್ನೂ ಹೇಳಿದೆ, ಅದನ್ನು ಇಲ್ಲಿ ಬರೆಯಲು ನಾಚಿಕೆ. ಕೊನೆಗೆ ಒಳಗಿನಿಂದ ಮೆಲ್ಲಗೆ ದನಿ ಬಂತು.

"ದುರುಗಿ, ಹೊತ್ತು ಮುಳುಗ್ಲಿ. ಬರ್ತೀನಿ. ಅಲ್ಲೀವರ್ಗೂ ಮನೆಗೆ ಹೋಗ್ಬ್ಯಾಡ."

ಇಷ್ಟೇ. ಮತ್ತೆ ಎಷ್ಟು ಕೂಗಿದರೂ ಉತ್ತರವಿಲ್ಲ. ಆ ಒಂದು ಮಾತಿಗೆ ಅವಳು ಕೊಟ್ಟ ಬೆಲೆ ನನಗೆ ಆಗ ಹೊಳೆಯಲಿಲ್ಲ. ಬೆಳಗಿನಿಂದ ಇಳಿದದ್ದೆಲ್ಲ ಆ ಮಾತಿನೊಂದಿಗೆ ಅವಳ ಮೈಗೆ ವಾಪಸು ಬಂದಿರುತ್ತದೆ. ಅವಳು ಮತ್ತೆ ಮೊದಲಿನಿಂದ ಕೂರಬೇಕು. ನನಗೆ ಕೇಳಿಸಿದ್ದು 'ಹೊತ್ತು ಮುಳುಗ್ಲಿ' ಎಂಬುದು ಮಾತ್ರ.

ಮನೆಗೆ ಹೋಗಬೇಡ ಎಂದದ್ದು ಯಾಕೋ ತಿಳಿಯದಿದ್ದರೂ, ಹೋಗಲು ಕಾಲಿನಲ್ಲಿ ಬಲವಿರಲಿಲ್ಲ. ಹಿಂದಿನ ಹುಣಸೆ ಮರದ ಬುಡದಲ್ಲಿ, ಅವಳ ಕಿಟಕಿಗೆ ಬೆನ್ನು ಮಾಡಿ ಕೂತೆ. ತೋಪಿನ ಆ ತುದಿಗೆ ಆ ದಿನ ಯಾರೂ ಬರಲಿಲ್ಲ. ಮೊದಲು ಸಿಟ್ಟಿನಲ್ಲಿ ಕೂತಿದ್ದೆ, ಆಮೇಲೆ ಅಳುತ್ತಾ ಕೂತಿದ್ದೆ, ಆಮೇಲೆ ಸುಮ್ಮನೆ ಕೂತಿದ್ದೆ. ಕೋಳಿ ಬಂದು ನನ್ನ ಕಾಲ ಹತ್ತಿರ ಕೆದಕಿತು. ಬಿಸಿಲು ಒಂದು ಮರದ ನೆರಳಿನಿಂದ ಇನ್ನೊಂದರ ನೆರಳಿಗೆ ಸರಿಯುವುದನ್ನು ನೋಡಿದೆ. ಅಂಥದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಹೊತ್ತು ಇಳಿಯುವಾಗ ನೊಣ ಓಡಿಸಲು ಕೈ ಎತ್ತಿದೆ. ಕೈ ಸಲೀಸಾಗಿ ಎದ್ದಿತು. ಇದೇನು ಎಂದು ಅದನ್ನೇ ತಿರುಗಿಸಿ ನೋಡುತ್ತಿದ್ದಾಗ ಕದದ ಅಗುಳಿ ತೆಗೆದ ಸದ್ದಾಯಿತು.

ಸಣ್ಣೋಬಕ್ಕ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬೆಳಿಗ್ಗೆ ಬೈದದ್ದರ ಮಾತೆತ್ತಲಿಲ್ಲ. ನಡಿ ಎಂದಳು. ದಾರಿಯಲ್ಲಿ ಅವಳ ಹೆಜ್ಜೆ ತೂಕವಾಗಿರುವುದನ್ನು ಕಂಡೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಸಾಕವ್ವ ಹೊಸ್ತಿಲಲ್ಲಿ ಕೂತು ತನ್ನ ಪಾಡಿಗೆ ಹುಣಸೆ ಬೀಜ ಬಿಡಿಸುತ್ತಿದ್ದಳು. ಒಳಗೆ ಹೊನ್ನೂರಿ ಗೋಡೆಗೆ ಒರಗಿ ಕೂತಿದ್ದಳು. ಕೂತಿದ್ದಳು. ಮಡಿಲಲ್ಲಿ ಮಗು ಚೀಪುತ್ತಿತ್ತು. ಸಾಕವ್ವ ಹೇಳಿದ ಪ್ರಕಾರ ಮಧ್ಯಾಹ್ನ ಅವಳೇ ಕಣ್ಣು ಬಿಟ್ಟು ನೀರು ಕೇಳಿದಳಂತೆ, ಆಮೇಲೆ ಗಂಜಿ ಕುಡಿದಳಂತೆ. ನೀನೇನು ಮಾಡಿದೆ ಎಂದು ಸಣ್ಣೋಬಕ್ಕ ಸಾಕವ್ವನನ್ನು ಕೇಳಿದಳು.

"ನಾನೇನ್ ಮಾಡ್ಲಿ ತಾಯಿ, ಕೈಯೆಲ್ಲ ಹುಣಸೆ ಅಂಟು. ಮುಟ್ಟೋಕೂ ಹೋಗ್ಲಿಲ್ಲ. ಗಂಜಿ ಪಕ್ಕಕ್ಕಿಟ್ಟೆ, ಅವ್ಳೇ ಕುಡುದ್ಲು."

ನಾನು ಸಂತೋಷದಲ್ಲಿ ಮಗಳನ್ನು ತಬ್ಬಿಕೊಳ್ಳಲು ನುಗ್ಗಿದೆ. ಸಣ್ಣೋಬಕ್ಕ ಸೆರಗು ಸುತ್ತಿದ ಕೈಯಲ್ಲೇ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು.

"ಮುಟ್ಬ್ಯಾಡ. ನಿನ್ನ ಕೈ ತುಂಬಿ ಚೆಲ್ತಾ ಐತೆ. ಚೆಲ್ಲಿದ್ದು ತಗ್ಗಿಗೇ ಹರಿಯೋದು. ಈ ಮನ್ಯಾಗೆ ತಗ್ಗು ಅಂದ್ರೆ ಬಾಣಂತಿ, ಕೂಸು."

"ಅವಳ ದಣಿವು ನಾನು ತಗಂತಿದ್ದೆ ಅಕ್ಕ."

"ತಗಂತಿದ್ದೆ. ಒಂದು ಬೊಗಸೆ ತಗಂಡು ಒಂದು ಕೊಡ ಹುಯ್ತಿದ್ದೆ. ನಮ್ಮವ್ವನೂ ನಿನ್ನಂಗೇ, ಯಾವತ್ತೂ ಬಾಗಿಲು ಹಾಕ್ದೋಳಲ್ಲ. ಊರೆಲ್ಲ ಕೈ ಮುಗೀತಿತ್ತು. ಅವಳ ಹೆಣ ಮೀಯಿಸಿದ ನಾಕು ಜನ ಎಂಟು ದಿನ ಎದ್ದಿರ್ಲಿಲ್ಲ. ಹೆಣದ ಸೂತಕ ಬಡೀತು ಅಂದ್ರು. ಅವರೊಳಗೆ ಒಬ್ಳು ನಾನು. ನಂಗೆ ಗೊತ್ತು ಅದೇನು ಅಂತ."

ನನ್ನ ಮೈಯಲ್ಲಿ ಇದ್ದದ್ದೆಲ್ಲ ಆ ಕ್ಷಣ ತೂಗಿ ನೋಡಿದಂತಾಯಿತು. ಇಪ್ಪತ್ತನಾಲ್ಕು ವರ್ಷ. ಎಣ್ಣೆ ಹಚ್ಚಿ ತಿಕ್ಕಿದ್ದು, ತಬ್ಬಿಕೊಂಡು ಮಲಗಿದ್ದು, ಎಲ್ಲ ಕಣ್ಣ ಮುಂದೆ ಬಂತು. ನಾನು ಮಗಳಿಂದ ಮೂರು ಹೆಜ್ಜೆ ಹಿಂದಕ್ಕೆ ಸರಿದು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಸಣ್ಣೋಬಕ್ಕ ಹೇಳಿದ ಏರ್ಪಾಟು ಇದು. ನಾನು ಅವಳ ಕೋಣೆಗೆ ಹೋಗಿ ಏಳು ದಿನ ಕದ ಹಾಕಿಕೊಂಡು ಕೂರಬೇಕು. ಅವಳು ನಮ್ಮನೆಯಲ್ಲಿದ್ದು ಬಾಣಂತಿಗೆ ಬೇಯಿಸಿ ಹಾಕುತ್ತಾಳೆ. ಆ ಏಳು ದಿನ ಯಾರ ದಣಿವನ್ನೂ ಅವಳು ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಇಳಿಸಿಕೊಳ್ಳಲು ಅವಳಿಗೆ ಕೋಣೆಯಿಲ್ಲ. ಆ ದಿನ ಇಳಿಯದೆ ಉಳಿದದ್ದನ್ನು ಸೆರಗಿನಲ್ಲಿ ಸುತ್ತಿಕೊಂಡೇ ಇರುತ್ತಾಳೆ. ಪಾಲಯ್ಯ ಆಗ ತಾನೇ ಬಂದು ಕಂಬಕ್ಕೆ ಒರಗಿ ಎಲ್ಲ ಕೇಳುತ್ತಿದ್ದ. ಅವನು ಕೆಟ್ಟವನಲ್ಲ, ರೂಢಿ ಬಿದ್ದವನು. ಹಂಗಾದ್ರೆ ನನ್ನ ಕೈ ಏನು ಮಾಡ್ಲಿ ಎಂದು ಕೇಳಿದ.

"ನಿಂದು ನಿನ್ನ ಚಾಪೆಗೆ ಕೊಡಪ್ಪ," ಎಂದಳು ಸಣ್ಣೋಬಕ್ಕ. "ಅದು ಯಾವತ್ತೂ ಬ್ಯಾಡ ಅನ್ನಲ್ಲ."

ಒಬ್ಬಳೇ ಕೂರುವುದು ಹೇಗೆಂದು ನನಗೆ ಬರುತ್ತಿರಲಿಲ್ಲ. ಮೊದಲ ದಿನ ಆ ಚಿಕ್ಕ ಕೋಣೆಯನ್ನು ನಾಲ್ಕು ಸಲ ಗುಡಿಸಿದೆ. ಗೋಡೆಯ ಮೇಲೆ ಒಂದು ಕನ್ನಡಿ, ಮೂಲೆಯಲ್ಲಿ ಚಾಪೆ, ಗೂಡಿನಲ್ಲಿ ಬಾಚಣಿಗೆ. ಅಲ್ಲಿ ತೊಳೆಯಲು ಪಾತ್ರೆಯೂ ಹೆಚ್ಚಿರಲಿಲ್ಲ. ಮಗಳು ಉಂಡಳೋ, ಮಗುವಿನ ಬಟ್ಟೆ ಒಣಗಿತೋ, ಹುಣಸೆ ಮಡಕೆಗೆ ಇಲಿ ಬಿತ್ತೋ ಎಂದು ಮನಸ್ಸು ಊರು ಸುತ್ತುತ್ತಿತ್ತು. ಮಧ್ಯಾಹ್ನ ಸಾಕವ್ವ ಮುದ್ದೆ ತಂದು ಹೊಸ್ತಿಲ ಮೇಲಿಟ್ಟು, ಕೋಲಿನಿಂದ ಕದಕ್ಕೆ ಒಂದು ತಟ್ಟಿ, ಹುಲಿ ಅಟ್ಟಿಸಿಕೊಂಡು ಬಂದವಳ ಹಾಗೆ ಓಡುತ್ತಿದ್ದಳು. ಅವಳ ಬಳೆ ಸದ್ದು ದೂರವಾಗುವುದನ್ನು ಕೇಳಿ ಕರೆದುಬಿಡಬೇಕು ಅನ್ನಿಸುತ್ತಿತ್ತು. ತುಟಿ ಕಚ್ಚಿಕೊಂಡು ಕೂತೆ.

ಎರಡನೆಯ ದಿನದಿಂದ ಇಳಿಯತೊಡಗಿತು. ಬಂದ ದಾರಿಯಲ್ಲೇ ಒಂದೊಂದಾಗಿ ಹೋದವು, ಹೋಗುವಾಗ ಗುರುತು ಹೇಳಿ ಹೋದವು. ಭುಜದಲ್ಲಿ ಕೂತಿದ್ದದ್ದು ಗಂಡ ಗಾಡಿಗೆ ಮೂಟೆ ಏರಿಸಿದ ವರ್ಷಗಳು. ಸೊಂಟದಲ್ಲಿದ್ದದ್ದು ಅತ್ತೆಯದ್ದು, ಅದು ಹೋಗುವಾಗ ಅವಳು ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದ ರೀತಿ ನೆನಪಾಗಿ ಬಿಕ್ಕಿ ಅತ್ತೆ. ಅವಳು ಸತ್ತಾಗ ನನಗೆ ಅಳಲು ಬಿಡುವಿರಲಿಲ್ಲ. ಮೊಣಕಾಲಿನಲ್ಲಿದ್ದದ್ದು ತಮ್ಮನದು. ಐದನೆಯ ದಿನ ನಾನು ಚಾಪೆಯ ಮೇಲೆ ಕಾಲು ಚಾಚಿ, ಕಿಟಕಿಯಲ್ಲಿ ಹುಣಸೆ ಎಲೆ ಅಲ್ಲಾಡುವುದನ್ನು ನೋಡುತ್ತಾ, ಏನನ್ನೂ ಯೋಚಿಸದೆ ಇದ್ದೆ. ಆರನೆಯ ದಿನ ಬಾಚಣಿಗೆ ತೆಗೆದುಕೊಂಡು ತಲೆ ಬಾಚಿದೆ. ಮದುವೆಯಾದಮೇಲೆ ಯಾವ ಕೆಲಸವೂ ಕಾಯದೆ ತಲೆ ಬಾಚಿಕೊಂಡದ್ದು ಅದೇ ಮೊದಲು. ಕೊನೆಗೆ ಉಳಿದದ್ದು ಹೊನ್ನೂರಿಯದು. ಚಿಕ್ಕದು, ಬೆರಳ ತುದಿಯಲ್ಲಿತ್ತು. ಅದು ಹೋಗುವಾಗ ತುಸು ಬೇಜಾರೇ ಆಯಿತು.

ಎಂಟನೆಯ ದಿನ ಬೆಳಿಗ್ಗೆ ಮನೆಗೆ ಹೋದೆ. ನಮ್ಮ ಬೀದಿಯ ಮೂಲೆ ತಿರುಗುವಾಗಲೇ ಮಗುವಿನ ಅಳು ಕೇಳಿಸಿತು. ಬೀದಿಯವರೆಲ್ಲ ಕಿವಿ ಮುಚ್ಚಿಕೊಳ್ಳುವಂಥ ಅಳು. ಹೊನ್ನೂರಿ ಒಲೆ ಮುಂದೆ ನಿಂತಿದ್ದಳು. ನಾನು ಅಂಗಳದಲ್ಲೇ ನಿಂತು ಸಣ್ಣೋಬಕ್ಕನ ಮುಖ ನೋಡಿದೆ. ಅವಳು ನನ್ನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿ, ಹೂಂ, ಎತ್ಕೋ ಎಂದಳು. ಎತ್ತಿಕೊಂಡೆ. ಮಗು ಅಳು ನಿಲ್ಲಿಸಲಿಲ್ಲ, ನನ್ನ ಎದೆಗೆ ಒದೆಯಿತು. ಅದು ಒದ್ದದ್ದು ನನಗೆ ಹೇಗಿತ್ತು ಎಂದು ಹೇಳಲಾರೆ.

ಸಣ್ಣೋಬಕ್ಕ ತನ್ನ ಗಂಟು ಕಟ್ಟಿಕೊಂಡು ಹೊರಟಳು. ನಡೆಯುವಾಗ ಗೋಡೆ ಹಿಡಿದುಕೊಂಡಳು. ಆ ಏಳು ದಿನ ಊರಿನಲ್ಲಿ ಗೊಣಗಾಟ ಕಡಿಮೆ ಇರಲಿಲ್ಲವಂತೆ. ಮೂರು ಮನೆಯವರು ಬಂದು ಕೈ ಚಾಚಿ, ಇವಳು ಸೆರಗು ಬಿಚ್ಚದಿರುವುದನ್ನು ಕಂಡು ಮುಖ ದಪ್ಪ ಮಾಡಿಕೊಂಡು ಹೋದರಂತೆ. ಕೋಣೆ ನನಗೆ ಬಿಟ್ಟು, ಹನ್ನೆರಡನೆಯ ದಿನ ಅರ್ಧಕ್ಕೆ ಉಳಿದದ್ದನ್ನು ಅವಳು ನಮ್ಮನೆ ಒಲೆಯ ಮುಂದೆ ಹೊತ್ತುಕೊಂಡೇ ಇದ್ದಳು. ಕದ ತಟ್ಟಿ ಅವಳನ್ನು ಮಾತಾಡಿಸಿದ್ದು ನಾನು. ಆ ಅರ್ಧ ನನ್ನ ಲೆಕ್ಕದ್ದು ಎಂದು ಆ ದಿನವೇ ಮನಸ್ಸಿನಲ್ಲಿ ಬರೆದುಕೊಂಡೆ.

ಆಮೇಲೆ ನಾನೂ ವಾರಕ್ಕೊಂದು ಬಾಗಿಲ ದಿನ ಇಟ್ಟುಕೊಂಡೆ. ಮೊದಮೊದಲು ಬೀದಿಯವರು ಆಡಿಕೊಂಡರು. ಕೆರೆ ಒಡೆಯಿತು ಎಂದರು. ಪಾಲಯ್ಯ ಎರಡು ತಿಂಗಳು ತಲೆ ತಗ್ಗಿಸಿ ಓಡಾಡಿದ. ಆಷಾಢದಲ್ಲಿ ಒಂದು ಬೆಳಿಗ್ಗೆ ನಾನು ದಿನ ಮರೆತು ಹಿಟ್ಟು ಕಲಸುತ್ತಿದ್ದೆ. ಅವನೇ ಮೊರ ತೆಗೆದುಕೊಂಡು ಹೋಗಿ ಬಾಗಿಲಿಗೆ ಬೋರಲು ಹಾಕಿ, ಬುತ್ತಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ. ಅದಾದ ಮೇಲೆ ಸಾಕವ್ವನ ಮನೆಯ ಮೊರವೂ ಒಂದೆರಡು ದಿನ ಬೋರಲಾಯಿತು. ಯಾಕೆ ಎಂದು ನಾನು ಕೇಳಲಿಲ್ಲ.

ಮರುವರ್ಷ ಹುಣಸೆ ಮತ್ತೆ ಹಣ್ಣಾಯಿತು. ಸಣ್ಣೋಬಕ್ಕನ ಊರ ದಿನ ನೋಡಿಕೊಂಡು ಒಂದು ಮಧ್ಯಾಹ್ನ ಹೋದೆ. ಅವಳು ಮನೆ ಮುಂದೆ ಕೂತು ಓಡು ಒಡೆಯುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಒಂದು ರಾಶಿ ಬಿಡಿಸಿದೆ. ಬಾಗಿಲ ದಿನ ಒಳಗೆ ಏನು ಮಾಡ್ತೀಯಕ್ಕ, ಬೆಲ್ಲ ತಿಂತೀಯಂತೆ ಎಂದು ಕೇಳಿದೆ.

"ಬೆಲ್ಲ ಇದ್ರೆ ತಿಂತೀನಿ," ಎಂದಳು. "ಇಲ್ದಿದ್ರೆ ಕೂತಿರ್ತೀನಿ. ತಲೆ ಬಾಚ್ಕಂತೀನಿ. ನಾನೂ ಒಬ್ಬಳು ಮನ್ಷಿ ಅಲ್ವಾ, ನನ್ನ ಜೊತೆ ಯಾರು ಕೂರ್ತಾರೆ ಮತ್ತೆ."

ನಾನು ಕೈ ತೊಳೆದುಕೊಂಡು ಬಂದು ಅವಳ ಮುಂದೆ ಕೂತು, ಕೈ ಕೊಡಕ್ಕ ಎಂದೆ. ಊರಿನ ದಣಿವು ಹೊತ್ತ ನಲವತ್ತು ವರ್ಷದಲ್ಲಿ ಅವಳ ದಣಿವು ಕೇಳಿದವರು ಇರಲಿಲ್ಲ. ಏನು ಸಿಗುತ್ತದೆ ಅಂತ ಬಂದೆ ಎಂದು ನಕ್ಕಳು. ನಿನ್ನದು ನನ್ನ ಮೇಲೆ ಇದೆ, ಕೊಟ್ಟುಬಿಡು, ಹೊರುವುದಕ್ಕೆ ಸಿದ್ಧಳಾಗಿ ಬಂದಿದ್ದೇನೆ, ನಾಳೆ ನನ್ನ ಬಾಗಿಲ ದಿನ, ಬೇಕಾದರೆ ಏಳು ದಿನವೂ ಕೂರುತ್ತೇನೆ ಎಂದೆ. ಅವಳು ಕೈಗಂಟಿದ ಹುಣಸೆ ಸೀರೆಗೆ ಒರೆಸಿಕೊಂಡು, ಎರಡೂ ಅಂಗೈ ಚಾಚಿದಳು.

ಸೊಂಟ ಗಟ್ಟಿ ಮಾಡಿಕೊಂಡು, ಹಲ್ಲು ಕಚ್ಚಿಕೊಂಡು ನನ್ನ ಅಂಗೈ ಇಟ್ಟೆ. ಊರಿನ ನಲವತ್ತು ವರ್ಷದ ಹೆರಿಗೆ, ನಲವತ್ತು ವರ್ಷದ ಸಾವು ಬರುತ್ತದೆ ಎಂದು ಕಾದೆ. ಎಲೆ ಅಡಿಕೆ ಅಗಿಯುವಷ್ಟು ಹೊತ್ತು ಕಳೆಯಿತು. ಬಂದದ್ದು ಬೆಳಗಿನಿಂದ ಕೊಡತಿ ಹಿಡಿದ ಬಲ ಭುಜದ ಒಂದು ನೋವು, ಹಿಂದಿನ ರಾತ್ರಿ ಸೊಳ್ಳೆ ಕಡಿದು ನಿದ್ದೆ ಕೆಟ್ಟದ್ದು. ಮತ್ತೇನಿಲ್ಲ. ಅವಳ ಕೈ ತೊಳೆದು ಬಿಸಿಲಿಗೆ ಬೋರಲು ಹಾಕಿದ ಮಡಕೆಯ ಹಾಗಿತ್ತು.

"ಅಷ್ಟೇನಾ ಅಕ್ಕ?"

"ಅಷ್ಟೇ ಕಣೆ. ಅದೂ ನಾಳೆಗೆ ಇರ್ತಿರ್ಲಿಲ್ಲ."

ಮರುದಿನ ಮೊರ ಬೋರಲು ಹಾಕಿ ಒಳಗೆ ಕೂತೆ. ಅವಳಿಂದ ತಂದದ್ದು ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ಇಳಿದುಹೋಯಿತು. ತೀರಿಸಬೇಕೆಂದು ಹೋದದ್ದು ತೀರಲಿಲ್ಲ. ಇನ್ನು ಕೂತು ಇಳಿಸಿಕೊಳ್ಳಲು ನನ್ನಲ್ಲಿ ಏನೂ ಇರಲಿಲ್ಲ. ಎದ್ದು ಮೊರ ತಿರುಗಿಸಿ, ರಾಗಿ ಕೇರಬಹುದಿತ್ತು. ಗೂಡಿನಿಂದ ಬಾಚಣಿಗೆ ತೆಗೆದುಕೊಂಡೆ. ಹೊತ್ತು ಮುಳುಗುವವರೆಗೂ ಬಾಗಿಲು ತೆರೆಯಲಿಲ್ಲ.